ಬೋಕಿ, ಚೀಟಿ ಮತ್ತು ನನ್ನ ಮೊದಲ ಐದು ವರ್ಷ

(ಇತಿಹಾಸ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳಿವು. ಮೊಬೈಲಿನ ರೆಕಾರ್ಡಿಂಗ್ ಕೇಳಿ ನಾನೇ ಬರೆದುಕೊಂಡೆ. ಅಲ್ಲಲ್ಲಿ ತಿದ್ದಿದ್ದೇನೆ. ಮೈಕು ಎರಡು ಸಲ ಕೈಕೊಟ್ಟದ್ದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಮಡಕೆ ಚೂರನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ. ಬೀಳಿಸಿದರೂ ಬೈಯುವುದಿಲ್ಲ. ಒಳಗಡೆ ಕಪ್ಪಗಿದೆ, ಹೊರಗಡೆ ಕೆಂಪಗಿದೆ, ಅಲ್ವಾ? ಬಾಯಿಯ ಅಂಚಿನ ಹತ್ತಿರ ಕಪ್ಪು ಸ್ವಲ್ಪ ಹೊರಗೂ ಇಳಿದಿದೆ. ಅದು ಬಳಿದ ಬಣ್ಣವಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಹೀಗಾಗುತ್ತದೆ ಎನ್ನುತ್ತಾರೆ. ಒಳಗೆ ಗಾಳಿ ಆಡುವುದಿಲ್ಲ, ಕಪ್ಪಾಗುತ್ತದೆ. ಹೊರಗೆ ಗಾಳಿ ತಾಗುತ್ತದೆ, ಕೆಂಪಾಗುತ್ತದೆ. ನಮ್ಮ ಕಡೆ ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ, ದೊಡ್ಡ ಕಲ್ಲು ನಿಲ್ಲಿಸಿ ಸಮಾಧಿ ಕಟ್ಟುತ್ತಿದ್ದ ಜನ ಇಂಥ ಮಡಕೆಯನ್ನು ಜಾಸ್ತಿ ಬಳಸುತ್ತಿದ್ದರು. ಹತ್ತಿರ ಹತ್ತಿರ ಎರಡು ಸಾವಿರ ವರ್ಷವೋ, ಅದಕ್ಕಿಂತ ಹೆಚ್ಚೋ ಆಗಿದೆ ಇದಕ್ಕೆ.

ಈಗ ನನ್ನನ್ನು ಕೇಳಿ. ಇದು ಯಾವ ಊರಿನದು? ಗೊತ್ತಿಲ್ಲ. ಎಷ್ಟು ಆಳದಲ್ಲಿ ಸಿಕ್ಕಿತು? ಪಕ್ಕದಲ್ಲಿ ಏನಿತ್ತು? ಅದೂ ಗೊತ್ತಿಲ್ಲ. ಇದರ ಚೀಟಿ ಕಳೆದುಹೋಗಿದೆ. ಅದಕ್ಕೇ ಇವತ್ತು ನಿಮ್ಮ ಕೈಗೆ ಬಂದಿದೆ. ಚೀಟಿ ಇದ್ದಿದ್ದರೆ ಸ್ಟೋರ್ ರೂಮಿನಿಂದ ಇದನ್ನು ಹೊರಗೆ ತರಲು ನನಗೆ ಮೂರು ಸಹಿ ಬೇಕಾಗುತ್ತಿತ್ತು.

ಇವತ್ತು ನಾನು ಹೇಳಬೇಕು ಎಂದುಕೊಂಡಿರುವುದೆಲ್ಲ ಈ ಚೀಟಿಯ ಸುತ್ತಲೇ.

ಪುರಾತತ್ವದ ಕೆಲಸ ಮಾಡುತ್ತೇನೆ ಎಂದರೆ ಜನ ಕೇಳುವ ಮೊದಲ ಪ್ರಶ್ನೆ, 'ಏನಾದ್ರೂ ಸಿಕ್ತಾ?' ಸಿಕ್ತಾ ಎಂದರೆ ಚಿನ್ನ ಸಿಕ್ತಾ ಎಂದೇ ಅರ್ಥ. ನಮ್ಮ ಸೋದರಮಾವ ಪ್ರತಿ ಮದುವೆ ಮನೆಯಲ್ಲೂ ಇದನ್ನೇ ಕೇಳುತ್ತಾರೆ. 'ಒಂದು ಕೊಪ್ಪರಿಗೆನಾದ್ರೂ ಸಿಗ್ಲಿಲ್ವೇನೇ?' ಸಿಕ್ಕರೂ ಮನೆಗೆ ತರುವ ಹಾಗಿಲ್ಲ ಮಾವ ಎಂದರೆ ಅವರಿಗೆ ಬೇಜಾರು. ನಿಧಿಗೆಂದೇ 1878ರ ಒಂದು ಕಾನೂನಿದೆ. ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹತ್ತು ರೂಪಾಯಿ! ಇವತ್ತು ಒಂದು ಕಾಫಿಯೂ ಬರುವುದಿಲ್ಲ.

ಚಿನ್ನ ಹುಡುಕಲು ಹೋಗಿ ಬೇರೆ ಏನೋ ಸಿಕ್ಕಿದ್ದೂ ಉಂಟು. 1915ರಲ್ಲಿ ಬೀಡನ್ ಎಂಬ ಎಂಜಿನಿಯರ್ ರಾಯಚೂರು ಕಡೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಜಾಡು ನೋಡುತ್ತಿದ್ದರು. ಬಂಡೆಯ ಮೇಲೆ ಬರಹ ಕಂಡಿತು. ಓದಿದರೆ ಅದರಲ್ಲಿ ಅಶೋಕ ಎಂಬ ಹೆಸರೇ ಇದೆ. ಅಲ್ಲಿಯವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲೆಲ್ಲ 'ದೇವಾನಂಪಿಯ', ಅಂದರೆ ದೇವರಿಗೆ ಪ್ರಿಯನಾದವನು, ಎಂಬಂಥ ಬಿರುದು ಇತ್ತೇ ಹೊರತು ಹೆಸರು ಇರಲಿಲ್ಲ. ಆ ದೇವಾನಂಪಿಯ ಅಶೋಕನೇ ಎಂದು ಕಲ್ಲೇ ಹೇಳಿದ್ದು ಮಸ್ಕಿಯಲ್ಲಿ. ಮಾವನಿಗೆ ಇದನ್ನೂ ಹೇಳಿದ್ದೇನೆ. 'ಚಿನ್ನ ಸಿಕ್ತೋ ಇಲ್ವೋ ಅದು ಹೇಳು' ಎಂದರು.

ಸರಿ, ನನ್ನ ಕಥೆಗೆ ಬರುತ್ತೇನೆ.

ಎಂ.ಎ. ಮುಗಿಸಿದ ವರ್ಷವೇ ತುಂಗಭದ್ರೆಯ ಬಯಲಿನ ಒಂದು ಹಳ್ಳಿಯಲ್ಲಿ ನಡೆಯುತ್ತಿದ್ದ ಅಗೆತಕ್ಕೆ ಸೇರಿಕೊಂಡೆ. ಊರಿನ ಹೆಸರು ಹೇಳುವುದಿಲ್ಲ. ಯಾಕೆ ಎಂದು ಕೊನೆಗೆ ಗೊತ್ತಾಗುತ್ತದೆ. ಕಾಯಂ ಕೆಲಸವೇನಲ್ಲ, ಸೀಸನ್ ಲೆಕ್ಕ. ಸುಗ್ಗಿ ಮುಗಿದ ಮೇಲೆ ಶುರು, ಬಿಸಿಲು ತಡೆಯಲಾಗದಂತೆ ಆದಾಗ ಮುಗಿಯಿತು. ಸಂಬಳ ತಿಂಗಳಿಗೊಮ್ಮೆ ಬರುತ್ತಿರಲಿಲ್ಲ. ಬಂದಾಗ ಬರುತ್ತಿತ್ತು. ಹೆಣ್ಣುಮಕ್ಕಳಿಗೆ ಇದ್ದ ಸೌಕರ್ಯದ ಬಗ್ಗೆ ಕೇಳಲೇಬೇಡಿ. ಊರಿನ ಒಬ್ಬ ಅಕ್ಕ ತಮ್ಮ ಮನೆಯ ಬಚ್ಚಲು ಬಿಟ್ಟುಕೊಟ್ಟಿದ್ದರಿಂದ ನಾನು ಆ ಮೊದಲ ಸೀಸನ್ ಮುಗಿಸಿದೆ.

ಮೊದಲ ದಿನ ಕೈಗೆ ಗುದ್ದಲಿ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಟ್ಟಿದ್ದು ದಾರ, ಗೂಟ, ಒಂದು ಬುಟ್ಟಿ ಸುಣ್ಣದ ಪುಡಿ. ನೆಲದ ಮೇಲೆ ಚೌಕ ಹಾಕಬೇಕು. ಮೂಲೆ ಸರಿಯಾಗಿ ಕೂರಬೇಕು. ಅದಕ್ಕೆ ಟೇಪು ಹಿಡಿದು ಒಂದು ಕಡೆ 3 ಮೀಟರ್, ಇನ್ನೊಂದು ಕಡೆ 4, ಅಡ್ಡಕ್ಕೆ 5 ಬರುವ ಹಾಗೆ ಎಳೆಯಬೇಕು. ಹೈಸ್ಕೂಲಿನ ಪೈಥಾಗೊರಸ್, ಅಷ್ಟೇ. ಮನೆ ಕಟ್ಟುವ ಗಾರೆ ಮೇಸ್ತ್ರಿಗೆ ಇದು ಬಾಯಿಪಾಠ. ಫಸ್ಟ್ ಕ್ಲಾಸಿನಲ್ಲಿ ಎಂ.ಎ. ಮಾಡಿದ್ದ ನನಗೆ ಅರ್ಧ ದಿನ ಹಿಡಿಯಿತು.

ಚೌಕಕ್ಕೂ ಚೌಕಕ್ಕೂ ನಡುವೆ ಸ್ವಲ್ಪ ಜಾಗ ಅಗೆಯದೆ ಬಿಡುತ್ತೇವೆ. ಆಳಕ್ಕೆ ಇಳಿದ ಹಾಗೆ ಅದು ಮಣ್ಣಿನ ಗೋಡೆಯಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ ಅದಕ್ಕೆ ಬಾಕ್ ಎನ್ನುತ್ತಾರೆ. ಕೆಲಸಕ್ಕೆ ಬರುತ್ತಿದ್ದ ಊರಿನವರು ಬದು ಎನ್ನುತ್ತಿದ್ದರು. ಗದ್ದೆಯ ಬದುವಿನ ಹಾಗೇ ಇತ್ತಲ್ಲ, ನಮಗೂ ಅದೇ ರೂಢಿಯಾಯಿತು. ಈ ಬದುವಿನ ಪಕ್ಕೆಯೇ ನಮ್ಮ ಪುಸ್ತಕ. ಮೇಲೆ ಈಗಿನ ಉಳುಮೆಯ ಮಣ್ಣು. ಅದರ ಕೆಳಗೆ ಬೂದಿ ಬೆರೆತ ಸಡಿಲ ಮಣ್ಣು. ಅದರ ಕೆಳಗೆ ತುಳಿದು ಗಟ್ಟಿಯಾದ ಹಳೆಯ ನೆಲ. ಹೀಗೆ ಒಂದೊಂದು ಪದರಕ್ಕೂ ಒಂದೊಂದು ನಂಬರ್. ಸಿಕ್ಕಿದ ಪ್ರತಿ ಚೂರಿನ ಜೊತೆ ಒಂದು ಚೀಟಿ: ಊರು, ತಾರೀಖು, ಟ್ರೆಂಚು (ಅಂದರೆ ಅಗೆದ ಗುಂಡಿ), ಪದರ, ಆಳ, ಬರೆದವರ ಸಹಿ.

ನಮ್ಮ ಟ್ರೆಂಚಿನಲ್ಲಿ ಒಬ್ಬ ಅಜ್ಜ ಇದ್ದರು. ಬಾವಿ ತೋಡಿ ಬದುಕಿದವರು. ಅಕ್ಷರ ಬರುತ್ತಿರಲಿಲ್ಲ. ನಾನು ಪದರ ಕಲಿತದ್ದು ಅವರಿಂದ. ಒಂದು ದಿನ ಕೆರೆಯುತ್ತಾ ಇದ್ದವರು ತಟ್ಟನೆ ನಿಲ್ಲಿಸಿದರು.

'ಯವ್ವಾ, ಮಣ್ಣು ಬ್ಯಾರೆ ಆತು ನೋಡ್ರಿ.'

'ಎಲ್ಲಜ್ಜಾ? ಒಂದೇ ಥರ ಇದೆಯಲ್ಲ.'

'ಕಣ್ಣಿಗೆ ಒಂದೇ ಐತಿ. ಸಪ್ಪಳ ಕೇಳ್ರಿ.'

ಕೇಳಿದೆ. ಒಂದು ಕಡೆ ಟ್ರೋವೆಲ್, ಅಂದರೆ ಮಣ್ಣು ಕೆರೆಯುವ ಕರಣಿ, ಕರ್ ಕರ್ ಎನ್ನುತ್ತಿತ್ತು, ಗೇಣು ಈಚೆಗೆ ಸುಮ್ನೆ ಒಳಗೆ ಹೋಗುತ್ತಿತ್ತು. ನೀರು ಚಿಮುಕಿಸಿ ನೋಡಿದರೆ ನೆಲದ ಮೇಲೆ ಕಪ್ಪಗೆ ಒಂದು ವೃತ್ತ ಎದ್ದು ಬಂತು. ನಾನು ನೋಟ್‌ಬುಕ್ಕಿನಲ್ಲಿ 'ಸಮಾಧಿ?' ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ, ಅದೊಂದು ಪುಣ್ಯ.

ಅಜ್ಜ ನಕ್ಕರು. 'ಇದು ಹಗೇವು ಐತ್ರಿ. ನಮ್ಮಪ್ಪನ ಕಾಲಕ್ಕ ನಮ್ಮನಿ ಮುಂದೂ ಇತ್ತು.'

ಹಗೇವು ಗೊತ್ತಲ್ಲ ನಿಮಗೆ? ಉತ್ತರ ಕರ್ನಾಟಕದವರು ಕೈ ಎತ್ತಿದಿರಿ, ಸಂತೋಷ. ನೆಲದೊಳಗೆ ತೋಡಿದ ಕಾಳಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಹುಲ್ಲು ಹಾಸಿ ಜೋಳ ತುಂಬಿ, ಮೇಲೆ ಕಲ್ಲು ಇಟ್ಟು ಮಣ್ಣು ಮೆತ್ತುತ್ತಿದ್ದರು. ತೆರೆದ ತಕ್ಷಣ ಒಳಗೆ ಇಳಿಯುವ ಹಾಗಿರಲಿಲ್ಲ, ಕೆಟ್ಟ ಗಾಳಿ ತುಂಬಿರುತ್ತಿತ್ತು. ನಮ್ಮ ಹಗೇವಿನಲ್ಲಿ ಜೋಳವೇನೂ ಇರಲಿಲ್ಲ. ಗಾಜಿನ ಬಳೆ ಚೂರು, ಒಂದು ಪಿಂಗಾಣಿ ಬಟ್ಟಲಿನ ತುಂಡು ಇದ್ದವು. ಯಾರೋ ಎರಡು ಮೂರು ತಲೆಮಾರಿನ ಹಿಂದೆ ತೋಡಿದ್ದು. ಆದರೆ ಅದರ ತಳ ಎಲ್ಲಿತ್ತು? ಕಬ್ಬಿಣ ಕಾಲದ ಪದರವನ್ನು ಸೀಳಿಕೊಂಡು ಕೆಳಗೆ ಹೋಗಿತ್ತು. ಅಜ್ಜ ನಿಲ್ಲಿಸದೇ ಇದ್ದಿದ್ದರೆ ಆ ಪಿಂಗಾಣಿ ತುಂಡಿನ ಚೀಟಿಯ ಮೇಲೆ ನಾನು ಕಬ್ಬಿಣ ಕಾಲದ ಪದರದ ನಂಬರ್ ಬರೆದು, ಸಹಿ ಹಾಕಿ, ನಿಶ್ಚಿಂತೆಯಾಗಿ ಊಟಕ್ಕೆ ಹೋಗುತ್ತಿದ್ದೆ.

ಅದೇ ಅಜ್ಜನ ಜೊತೆ ನನಗೆ ಇದ್ದ ಒಂದೇ ಒಂದು ಜಗಳ ಬೀಡಿಯದ್ದು. ಕಾಲ ಅಳೆಯಲು ನಾವು ಹಳೆಯ ಇದ್ದಿಲು ಆರಿಸುತ್ತೇವೆ. ಅದನ್ನು ಕೈಯಲ್ಲಿ ಮುಟ್ಟುವುದಿಲ್ಲ, ಟ್ರೋವೆಲ್ಲಿನ ತುದಿಯಲ್ಲಿ ಎತ್ತಿ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತುತ್ತೇವೆ. ಅದರ ಪಕ್ಕದಲ್ಲೇ ಕೂತು ಬೀಡಿ ಸೇದಿ ಬೂದಿ ಕೊಡವಿದರೆ? 'ಸ್ವಲ್ಪ ಬೂದಿಗೆ ಏನಾಗ್ತದವ್ವಾ' ಎನ್ನುತ್ತಿದ್ದರು. ಆಮೇಲೆ ಬದುವಿನ ಆಚೆ ಹೋಗಿ ಸೇದುವುದು ಎಂದು ರಾಜಿಯಾಯಿತು.

ಈಗ ನನ್ನ ತಪ್ಪಿನ ವಿಷಯ.

ಚೂರುಗಳನ್ನು ತೊಳೆಯುವುದು ಒಂದು ದೊಡ್ಡ ಕೆಲಸ. ಊರಿನ ಹೆಂಗಸರು ಬೋಗುಣಿ ಸುತ್ತ ಕೂತು ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜುತ್ತಿದ್ದರು. ಒಂದು ಚೀಲ ಬಿಚ್ಚಬೇಕು, ತೊಳೆಯಬೇಕು, ಗೋಣಿಯ ಮೇಲೆ ಹರವಬೇಕು, ಅದರದ್ದೇ ಚೀಟಿಯನ್ನು ಕಲ್ಲು ಹೇರಿ ಪಕ್ಕದಲ್ಲಿಡಬೇಕು. ಆಮೇಲೆ ಮುಂದಿನ ಚೀಲ. ಉಸ್ತುವಾರಿ ನನ್ನದು. ಮಾತು, ನಗು, ಯಾರ ಮನೆ ಸೊಸೆ ತವರಿಗೆ ಹೋದಳು ಎಂಬ ವರದಿ ಎಲ್ಲ ನಡೆಯುತ್ತಿತ್ತು. ಒಮ್ಮೆ ಒಬ್ಬ ಅಕ್ಕ ಒಂದು ಚೂರು ಎತ್ತಿ ತೋರಿಸಿದರು. ಅಂಚೆಲ್ಲ ಉಜ್ಜಿ ದುಂಡಗೆ ಮಾಡಿದ್ದು, ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು. 'ಮೇಡಂರೀ, ಇದು ಕುಂಟೆಬಿಲ್ಲಿ ಆಡೋ ಬಚ್ಚ ಐತಲ್ರೀ!' ಎಂದರು. ಇಂಗ್ಲಿಷಿನ ಅಗೆತದ ವರದಿಗಳಲ್ಲೂ ಇಂಥ ಬಿಲ್ಲೆಗಳಿಗೆ ಹಾಪ್‌ಸ್ಕಾಚ್ ಎಂದೇ ಬರೆಯುವುದುಂಟು. ಅಂದರೆ ಕುಂಟೆಬಿಲ್ಲೆ. ಎಲ್ಲವೂ ಆಟದ್ದೇ ಆಗಿರಬೇಕು ಎಂದೇನಿಲ್ಲ. ಸಣ್ಣ ಕುಡಿಕೆಗೆ ಮುಚ್ಚಳವೂ ಇರಬಹುದು. ಆದರೂ ಆ ಅಕ್ಕ ಒಂಟಿ ಕಾಲಲ್ಲಿ ನಿಂತು ತೋರಿಸಿದ ಮೇಲೆ ನನಗೆ ಬೇರೆ ಏನೂ ಅನ್ನಿಸುವುದಿಲ್ಲ.

ಆ ವಾರ ನನ್ನ ಹತ್ತಿರ ಹೊಸ ಜೆಲ್ ಪೆನ್ನು ಇತ್ತು. ಅಕ್ಷರ ಚೆಂದ ಬರುತ್ತಿತ್ತು. ಚೀಟಿಗಳನ್ನೆಲ್ಲ ಅದರಲ್ಲೇ ಬರೆದೆ. ಪೆನ್ಸಿಲಿನಲ್ಲಿ ಬರೆಯಬೇಕು ಎಂದು ಮೊದಲ ದಿನವೇ ಹೇಳಿದ್ದರು. ಪೆನ್ಸಿಲು ಯಾಕೋ ಪ್ರೈಮರಿ ಸ್ಕೂಲಿನ ಹಾಗೆ ಅನ್ನಿಸಿತ್ತು. ಅವತ್ತು ಹನ್ನೊಂದು ಚೀಲ ತೊಳೆದು ಹರವಿದೆವು. ಗೋಣಿ ಒದ್ದೆಯಾಗಿತ್ತು. ಮಧ್ಯಾಹ್ನ ಗಾಳಿ ಎದ್ದಿತು. ಒಂದೆರಡು ಗೋಣಿ ಮಗುಚಿದವು. ಊಟ ಮುಗಿಸಿ ಬಂದು ನೋಡಿದರೆ ಚೂರುಗಳು ಕಲೆತಿವೆ. ಚೀಟಿಗಳ ಮೇಲೆ ಅಕ್ಷರ ಇಲ್ಲ, ನೀಲಿ ಮಚ್ಚೆ ಇದೆ. ಒಂದು ಚೀಟಿಯಲ್ಲಿ ನನ್ನ ಸಹಿಯ ಬಾಲ ಮಾತ್ರ ಉಳಿದಿತ್ತು.

ನಮ್ಮ ಸರ್ ಬಂದು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದು ಚೂರು ಎತ್ತಿ ತಿರುಗಿಸಿ ನೋಡಿ, 'ಬೆಳಗ್ಗೆ ಇದು ಪುರಾವೆ ಆಗಿತ್ತು. ಈಗ ಬೋಕಿ' ಎಂದು ಹೇಳಿ ಹೋದರು.

ಬೋಕಿ ಎಂದರೆ ಒಡೆದ ಮಡಕೆ ಚೂರು. ಎರಡಕ್ಕೂ ನಡುವೆ ಇದ್ದದ್ದು ಆ ನೀಲಿ ಮಚ್ಚೆಯಷ್ಟು ಕಾಗದ.

ಅದು ಯಾಕೆ ಅಷ್ಟು ಮುಖ್ಯ ಎನ್ನುವುದಕ್ಕೆ ಒಂದು ಉದಾಹರಣೆ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ ಇರುವ ಊರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲು ಅಲ್ಲಿ ಅಗೆದಿದ್ದರು. 1947ರಲ್ಲಿ ಇಂಗ್ಲೆಂಡಿನ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆದರು. ಕೆಳಗೆ ಕಲ್ಲಿನ ಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಕಲ್ಲಿನ ಸಮಾಧಿ ಕಟ್ಟಿದವರು, ಅವರ ಮೇಲೆ ಶಾತವಾಹನರ ಕಾಲ. ಕೆಳಗಿನದು ಹಳೆಯದು, ಮೇಲಿನದು ಹೊಸದು, ಅಷ್ಟು ಗೊತ್ತಾಯಿತು. ಆದರೆ ಎಷ್ಟು ಹಳೆಯದು? ಇದ್ದಿಲಿನಿಂದ ಕಾಲ ಅಳೆಯುವ ವಿದ್ಯೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ.

ಉತ್ತರ ಬಂದದ್ದು ಪುದುಚೇರಿಯ ಹತ್ತಿರದ ಅರಿಕಮೇಡಿನಿಂದ. ಅಲ್ಲಿ 1945ರಲ್ಲಿ ವೀಲರ್ ಅವರಿಗೆ ಇಟಲಿಯಿಂದ ಹಡಗಿನಲ್ಲಿ ಬಂದ ಕೆಂಪು ಬಟ್ಟಲಿನ ಚೂರುಗಳು ಸಿಕ್ಕಿದ್ದವು. ಅವು ಕ್ರಿಸ್ತಶಕದ ಆರಂಭದ ಹೊತ್ತಿನವು ಎಂದು ಇಟಲಿಯಲ್ಲಿ ಮೊದಲೇ ಗೊತ್ತಿತ್ತು. ಅದೇ ಅರಿಕಮೇಡಿನಲ್ಲಿ ತಟ್ಟೆಯ ಒಳಗೆ ಸಣ್ಣ ಸಣ್ಣ ಗೀಟುಗಳ ಸುತ್ತು ಇರುವ ಇನ್ನೊಂದು ಬಗೆಯ ಪಾತ್ರೆಯೂ ಇತ್ತು. ಆ ಗೀಟಿನ ತಟ್ಟೆ ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿತು. ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಹಾಗಾಗಿ ಬ್ರಹ್ಮಗಿರಿಯ ಆ ಪದರ ಹೆಚ್ಚುಕಡಿಮೆ ಒಂದನೇ ಶತಮಾನದ್ದು. ಅದರ ಕೆಳಗಿನದೆಲ್ಲ ಅದಕ್ಕಿಂತ ಹಳೆಯದು. ಕಲ್ಲಿನ ಕೊಡಲಿಯ ಕಾಲವನ್ನು ವೀಲರ್ ತೀರಾ ಈಚೆಗೆ ಎಳೆದುಬಿಟ್ಟಿದ್ದರು, ಅದನ್ನು ಆಮೇಲಿನವರು ತಿದ್ದಿದರು. ಅದು ಬೇರೆ ಮಾತು. ಇಟಲಿಯ ಬಟ್ಟಲಿನಿಂದ ನಮ್ಮ ಮೊಳಕಾಲ್ಮೂರಿನ ಗುಡ್ಡದವರೆಗೆ ಒಂದು ಸರಪಳಿ ಬಂತಲ್ಲ, ಅದರ ಒಂದೊಂದು ಕೊಂಡಿಯೂ 'ಈ ಚೂರು ಈ ಪದರದಲ್ಲಿ ಇತ್ತು' ಎಂದು ಯಾರೋ ಬರೆದಿಟ್ಟ ಚೀಟಿ. ನಡುವೆ ಒಬ್ಬ ಜೆಲ್ ಪೆನ್ನಿನವಳು ಇದ್ದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಎರಡನೇ ವರ್ಷ ನನಗೆ ಬಹಳ ಇಷ್ಟವಾದ ಕೆಲಸ ಸಿಕ್ಕಿತು. ನೀರಿನಲ್ಲಿ ಮಣ್ಣು ತೇಲಿಸುವುದು. ಒಲೆಯ ಬೂದಿ ಇರುವ ಜಾಗದ ಮಣ್ಣನ್ನು ಡ್ರಮ್ಮಿನ ನೀರಿಗೆ ಹಾಕಿ ಕೈಯಲ್ಲಿ ಮೆಲ್ಲಗೆ ಆಡಿಸುತ್ತೇವೆ. ಮಣ್ಣು ಕೆಳಗೆ ಕೂರುತ್ತದೆ. ಸುಟ್ಟು ಕರಿದಾದ ಕಾಳುಗಳು ಹಗುರ, ತೇಲುತ್ತವೆ. ಅವನ್ನು ತೆಳು ಬಟ್ಟೆಯಲ್ಲಿ ಬಸಿದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತವೆ. ಮೊದಲ ಸಲ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹುರುಳಿ. ನಮ್ಮಜ್ಜಿ ಮೊರದಲ್ಲಿ ಕೇರುತ್ತಿದ್ದ ಅದೇ ಹುರುಳಿ, ಸ್ವಲ್ಪ ಸಣ್ಣದು, ಕಪ್ಪಗೆ.

ಬಳ್ಳಾರಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರಿನಂಥ ಕಡೆ ಹಳೆಯ ಕಾಳು, ಬೀಜಗಳನ್ನು ಅಧ್ಯಯನ ಮಾಡುವ ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಈ ಕೆಲಸವನ್ನು ದೊಡ್ಡದಾಗಿ ಮಾಡಿದ್ದಾರೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ನಮ್ಮ ಬಯಲುಸೀಮೆಯವರು ಹುರುಳಿ, ಹೆಸರು, ಕೊರಲೆ ತಿನ್ನುತ್ತಿದ್ದರು. ಕೊರಲೆ ಈಗ ಸಿರಿಧಾನ್ಯದ ಅಂಗಡಿಯಲ್ಲಿ ಚೆಂದದ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ದುಬಾರಿ. ಮೂಳೆಗಳ ಕಥೆಯೂ ಹೀಗೇ. ಹಳ್ಳೂರನ್ನು 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಗೆದಾಗ ಸಿಕ್ಕ ಪ್ರಾಣಿಗಳ ಮೂಳೆ ನೋಡಿದವರು ಕೆ.ಆರ್. ಆಲೂರ. ಅವರು ಪಶುವೈದ್ಯರು. 'ನಾನು ಇತಿಹಾಸ ಓದಿಲ್ಲ, ನನಗೆ ಇಲ್ಲೇನು ಕೆಲಸ' ಎಂದು ನಿಮ್ಮ ಸೈನ್ಸ್ ಗೆಳೆಯರು ಹೇಳಿದರೆ ಅವರಿಗೆ ಈ ಹೆಸರು ಹೇಳಿ.

ಭಾನುವಾರ ರಜೆ. ಬಟ್ಟೆ ಒಗೆದು ಮುಗಿದರೆ ಬಸ್ಸು ಹಿಡಿದು ಸುತ್ತಮುತ್ತ ತಿರುಗುತ್ತಿದ್ದೆವು. ಬಳ್ಳಾರಿ ಹತ್ತಿರ ಕುಡತಿನಿಯಲ್ಲಿ ಒಂದು ಬೂದಿದಿಬ್ಬ ಇದೆ. ಭೀಮ ಕೊಂದ ಹಿಡಿಂಬಾಸುರನ ಬೂದಿ ಅದು ಎಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವಾದರೆ ವಾಲಿಯನ್ನು ಸುಟ್ಟ ಜಾಗ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಇವು ಸಗಣಿಯ ಬೂದಿ ಎಂದರು. ಎಷ್ಟೋ ಜನ ನಂಬಲಿಲ್ಲ. ಗಾಜಿನ ಹಾಗೆ ಕರಗಿ ಗಟ್ಟಿಯಾದ ತುಂಡುಗಳು ಸಿಗುತ್ತವಲ್ಲ, ಸಗಣಿ ಅಷ್ಟು ಉರಿಯುತ್ತದಾ ಎಂಬ ಅನುಮಾನ. 1950ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿ. ಹೊಸ ಶಿಲಾಯುಗದ ದನದ ದೊಡ್ಡಿ. ಸಗಣಿ ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದಾರೆ. ಯಾಕೆ ಸುಟ್ಟರು ಎನ್ನುವುದಕ್ಕೆ ಇನ್ನೂ ಜಗಳ ನಡೆಯುತ್ತಿದೆ.

ಈ ಫೂಟ್ ಮಹಾಶಯರ ಬಗ್ಗೆ ಇನ್ನೊಂದು ಮಾತು. 1863ರಲ್ಲಿ ಮದ್ರಾಸಿನ ಹತ್ತಿರ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಗೊಡಲಿ ಗುರುತಿಸಿದವರು ಇವರೇ. ಅದನ್ನು ಎಲ್ಲ ಪುಸ್ತಕದಲ್ಲೂ ಬರೆಯುತ್ತಾರೆ. ನನಗೆ ಮೆಚ್ಚುಗೆಯಾಗುವುದು ಬೇರೆ. ಜೀವನವಿಡೀ ಆರಿಸಿದ ಕಲ್ಲು, ಚೂರುಗಳಿಗೆಲ್ಲ ಇದು ಎಲ್ಲಿ ಸಿಕ್ಕಿತು ಎಂದು ಬರೆದಿಟ್ಟರು. ಆ ಸಂಗ್ರಹ ಮದ್ರಾಸಿನ ಸರ್ಕಾರಿ ಮ್ಯೂಸಿಯಂ ಸೇರಿತು. ಅವರ ಪಟ್ಟಿ ಹಿಡಿದು ಈಗಲೂ ಆ ಗುಡ್ಡಗಳಿಗೆ ಹೋಗಬಹುದು. ಗುಡ್ಡ ಉಳಿದಿದ್ದರೆ. ಸಂಗನಕಲ್ಲಿನ ಸುತ್ತ ಕಲ್ಲು ಕ್ವಾರಿಗಳು ಏನು ಮಾಡಿವೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.

ಮೂರನೇ ವರ್ಷ ಬೆನ್ನು ಹಿಡಿದುಕೊಂಡಿತು. ಮನೆಯಲ್ಲೂ 'ಬಿಸಿಲಲ್ಲಿ ಕಪ್ಪಾಗಿದ್ದೀಯ, ಇನ್ನು ಸಾಕು' ಎಂದು ಶುರು ಮಾಡಿದ್ದರು. ಒಂದು ಸಣ್ಣ ಮ್ಯೂಸಿಯಂನಲ್ಲಿ ಕೆಲಸ ಸಿಕ್ಕಿತು. ಫ್ಯಾನಿನ ಕೆಳಗೆ ಕೂರುವ ಕೆಲಸ ಎಂದುಕೊಂಡು ಹೋದೆ.

ಮೊದಲ ತಿಂಗಳು ಮಾಡಿದ್ದು ರಿಜಿಸ್ಟರ್ ತಾಳೆ ನೋಡುವುದು. ಮ್ಯೂಸಿಯಂಗೆ ಬಂದ ಪ್ರತಿ ವಸ್ತುವೂ ಅಕ್ಸೆಷನ್ ರಿಜಿಸ್ಟರಿನಲ್ಲಿ ಒಂದು ಸಾಲು. ನಂಬರ್, ಎಲ್ಲಿಂದ ಬಂತು, ಯಾವಾಗ, ಅಳತೆ, ಸ್ಥಿತಿ. 'ಕಲ್ಲಿನ ಮೂರ್ತಿ, 1' ಎಂದಷ್ಟೇ ಇರುವ ಸಾಲುಗಳು ಎಷ್ಟಿದ್ದವು ಅಂತೀರಿ! ಅಂಗಳದಲ್ಲಿ ನಲವತ್ತು ಕಲ್ಲಿನ ಮೂರ್ತಿ ನಿಂತಿವೆ. ಯಾವುದು ಆ ಒಂದು?

ಯಾರೋ ದೊಡ್ಡವರು ಬರುತ್ತಾರೆ ಎಂದು ಒಮ್ಮೆ ಗಡಿಬಿಡಿ ಆಯಿತು. ನಾನು ರಜೆಯಲ್ಲಿದ್ದೆ. ವಾಪಸ್ ಬಂದಾಗ ಕಂಚಿನ ಮೂರ್ತಿಗಳು ಫಳಫಳ ಹೊಳೆಯುತ್ತಿದ್ದವು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಪಾಪ, ಅವರದೇನು ತಪ್ಪು? ಹಬ್ಬಕ್ಕೆ ನಾವೆಲ್ಲ ದೀಪ ತಿಕ್ಕುವುದೇ ಹಾಗೆ. ಆದರೆ ನೂರಾರು ವರ್ಷ ಕೂತು ಬಂದ ಮೇಲ್ಪೊರೆ ಕಂಚಿಗೆ ರಕ್ಷೆ. ಅದು ಹೋಯಿತು. ಮಳೆಗಾಲ ಬಂತು. ಒಂದು ಮೂರ್ತಿಯ ಮೊಣಕೈಯಲ್ಲಿ ತಿಳಿ ಹಸಿರು ಪುಡಿ ಕಾಣಿಸಿಕೊಂಡಿತು. ಕ್ಲೋರೈಡ್ ಸೇರಿಕೊಂಡ ಕಂಚಿಗೆ ತೇವ ತಾಗಿದರೆ ಬರುವ ರೋಗ ಅದು, ಒಳಗಿಂದಲೇ ತಿನ್ನುತ್ತಾ ಹೋಗುತ್ತದೆ. ಅದನ್ನು ಬೇರೆ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿ ಇಟ್ಟೆವು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಾಯಿಸಬೇಕು. ಆ ಮಳೆಗಾಲವೆಲ್ಲ ನಾನು ಬೆಳಗ್ಗೆ ಬಂದು ಮೊದಲು ನೋಡುತ್ತಿದ್ದದ್ದು ಆ ಹರಳಿನ ಬಣ್ಣ.

ಸ್ಟೋರಿನ ಮೂಲೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಬೀಗದ ಕೈ ಇರಲಿಲ್ಲ, ಒಡೆಸಿದೆವು. ಒಳಗೆ ಬಟ್ಟೆ ಚೀಲಗಳು, ಮಡಕೆ ಚೂರು. ಚೀಟಿಗಳನ್ನು ಬೆಳ್ಳಿಮೀನು ಹುಳು ತಿಂದು ಜಾಲರಿ ಮಾಡಿತ್ತು. ಜೀವ ಬಾಯಿಗೆ ಬಂತು. ಹನ್ನೊಂದು ಚೀಲದ ಪಾಪ ಇಲ್ಲಿಗೂ ಹಿಂಬಾಲಿಸಿತಾ ಎಂದುಕೊಂಡೆ. ಆದರೆ ಒಂದು ಚೂರನ್ನು ತಿರುಗಿಸಿದಾಗ ಒಳಮೈಯಲ್ಲಿ ಕಪ್ಪು ಇಂಡಿಯನ್ ಇಂಕಿನಲ್ಲಿ ಸಣ್ಣ ಅಕ್ಷರ. ಊರಿನ ಹೆಸರಿನ ಮೂರಕ್ಷರ, ಟ್ರೆಂಚಿನ ನಂಬರ್, ಸುತ್ತು ಹಾಕಿದ ಪದರದ ನಂಬರ್. ಬರಹದ ಕೆಳಗೊಂದು ಮೇಲೊಂದು ವಾರ್ನಿಷ್. ಸಾಸಿವೆಯಷ್ಟು ಸಣ್ಣ ಅಕ್ಷರ, ಆದರೆ ಒಂದೂ ಅಳಿಸಿಲ್ಲ. ಚೀಟಿ ಹೋಗುತ್ತದೆ ಎಂದು ಗೊತ್ತಿದ್ದ ಯಾರೋ ಒಬ್ಬರು ಕೂತು ಒಂದೊಂದು ಚೂರಿನ ಮೇಲೂ ಬರೆದಿದ್ದರು. ಯಾರೆಂದು ಎಲ್ಲೂ ದಾಖಲೆ ಇಲ್ಲ. ಕೈಬರಹ ಮಾತ್ರ ಎಲ್ಲದರಲ್ಲೂ ಒಂದೇ.

ಆ ಟ್ರಂಕಿನಲ್ಲಿ ಮುಕ್ಕಾಲು ಪಾಲು ಹಾಗೆ ವಾಪಸ್ ಸಿಕ್ಕಿತು. ನಂಬರ್ ಇಲ್ಲದ ಉಳಿದ ಚೂರುಗಳನ್ನು ಪಾಠಕ್ಕೆಂದು ಎತ್ತಿಟ್ಟೆವು. ಈಗ ನಿಮ್ಮ ನಡುವೆ ಓಡಾಡುತ್ತಿರುವುದು ಅದರಲ್ಲೊಂದು. ಎಲ್ಲಿದೆ ಅದು? ಹಿಂದಿನ ಬೆಂಚಿನಲ್ಲಾ? ಸರಿ, ನೋಡಿ.

ನನಗೆ ತುಂಬಾ ಇಷ್ಟವಾದ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದದ್ದು. ಹತ್ತನೇ ಶತಮಾನದ ನಡುವಿನ ವೀರಗಲ್ಲು, ಆದರೆ ವೀರ ಒಂದು ನಾಯಿ. ಹೆಸರು ಕಾಳಿ. ಗಂಗರ ಬೂತುಗ ತನ್ನ ಕಡೆಯ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕು ಎಂದಾಗ ಅವನು ಕೇಳಿದ್ದು ಈ ನಾಯಿಯನ್ನು. ಕಾಳಿ ಒಂದು ಹಂದಿಯ ಜೊತೆ ಹೋರಾಡಿತು, ಎರಡೂ ಸತ್ತವು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಇವೆ. ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅಲ್ಲಿನ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟುತ್ತದೆ ಎಂದೂ ಬರೆದಿದೆ. ಈಗ ಅದು ಮ್ಯೂಸಿಯಂನ ಒಳಗಿದೆ, ಪೂಜೆ ಯಾರು ಮಾಡುತ್ತಾರೆ? ಬೆಂಗಳೂರಿಗೆ ಹೋದಾಗ ನಾನು ಮೊದಲು ಅಲ್ಲಿಗೆ ಹೋಗಿ ಕಾಳಿಯನ್ನು ನೋಡಿ, ಆಮೇಲೆ ಊಟಕ್ಕೆ ಹೋಗುತ್ತೇನೆ. ನಗಬೇಡಿ. ತನ್ನ ಚೀಟಿಯನ್ನು ಮೈಮೇಲೇ ಹೊತ್ತು ಬಂದ ಕಲ್ಲು ಅದು. ಅಷ್ಟು ಮರ್ಯಾದೆ ಸಲ್ಲಬೇಕು.

ಸಮಯ ಆಯಿತು ಎಂದು ನಿಮ್ಮ ಮೇಷ್ಟ್ರು ಗಡಿಯಾರ ತೋರಿಸುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ.

(ಕೋರ್ಸುಗಳ ಬಗ್ಗೆ ಒಂದಿಬ್ಬರು ಕೇಳಿದರು. ಮೈಸೂರು, ಧಾರವಾಡ, ಪುಣೆಯ ಡೆಕ್ಕನ್ ಕಾಲೇಜು, ಮ್ಯೂಸಿಯಂ ಕೆಲಸಕ್ಕೆ ಬರೋಡಾ ಎಂದು ಹೇಳಿದೆ. ಸಂಬಳದ ಬಗ್ಗೆ ಒಬ್ಬ ಕೇಳಿದ. ಮೊದಲ ಐದು ವರ್ಷ ಮನೆಯಿಂದ ತರಿಸಿಕೊಳ್ಳಬೇಕಾದೀತು ಎಂದೆ. ಕೊನೆಯ ಪ್ರಶ್ನೆ ಮುಂದಿನ ಸಾಲಿನ ಹುಡುಗಿಯದು: 'ಮೇಡಂ, ಆ ಹನ್ನೊಂದು ಚೀಲದ ಚೂರುಗಳು ಏನಾದವು?')

ಇದನ್ನು ಯಾರೂ ಕೇಳದಿರಲಿ ಎಂದುಕೊಂಡಿದ್ದೆ. ಸೀಸನ್ ಮುಗಿದ ಮೇಲೆ ಗುಂಡಿಗಳನ್ನು ಹಾಗೇ ಬಿಡುವುದಿಲ್ಲ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಆ ವರ್ಷದ ಒಂದು ನಾಣ್ಯ ಇಟ್ಟು ಮಣ್ಣು ಮುಚ್ಚುತ್ತೇವೆ. ಮುಂದೆ ಯಾರಾದರೂ ಅಗೆದರೆ, ಇಲ್ಲಿಯವರೆಗೆ ಇವರು ಬಂದಿದ್ದರು ಎಂದು ಗೊತ್ತಾಗಲಿ ಎಂದು. ಸರ್ ಹೇಳಿದರು, ಆ ಬೋಕಿಗಳನ್ನೂ ಅಲ್ಲೇ ಹಾಕು ಎಂದು. ನಾನೇ ಏಣಿ ಇಳಿದು ಸುರಿದೆ. ಅಜ್ಜ ಮೇಲೆ ನಿಂತು ಬುಟ್ಟಿ ಇಳಿಸಿಕೊಟ್ಟರು. ಜೊತೆಗೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಚೀಟಿ ಇಟ್ಟೆ. 'ಈ ಚೂರುಗಳು ಇದೇ ಊರಿನವು. ಟ್ರೆಂಚು, ಪದರ ಗೊತ್ತಿಲ್ಲ. ತಪ್ಪು ನನ್ನದು.' ಕೆಳಗೆ ಸಹಿ, ತಾರೀಖು. ಊರಿನ ಹೆಸರು ಯಾಕೆ ಹೇಳಲಿಲ್ಲ ಎಂದು ಈಗ ಗೊತ್ತಾಯಿತಲ್ಲ?

ಪೆನ್ಸಿಲಿನಲ್ಲಿ ಬರೆದಿದ್ದೆ.